ನಿಂತ ಡಿಸ್ಕ್ ತೆರೆಯುವ ಕಸುಬು

ಡೇಟಾ ರಿಕವರಿ ಮಾಡುವಲ್ಲಿಗೆ ಹಾರ್ಡ್ ಡಿಸ್ಕ್ ಹಿಡಿದು ಬಂದವರನ್ನು ಮೊದಲು ಕೇಳುವುದು ‘ತಿರುಗ್ತಾ ಇದೆಯಾ ಸರ್?’ ಎಂದು. ಎರಡನೆಯ ಪ್ರಶ್ನೆ, ‘ಕೆಳಗೆ ಬಿದ್ದಿತ್ತಾ?’ ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, ‘ಇಲ್ಲ ಸರ್, ಟೇಬಲ್ ಮೇಲೇ ಇತ್ತು, ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು.’ ಬಂದವರು ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರಿರಬಹುದು, ವರ್ಷಗಳ ಲೆಕ್ಕವನ್ನೆಲ್ಲ ಟ್ಯಾಲಿಯಲ್ಲಿಟ್ಟ ಅಡಿಕೆ ಮಂಡಿಯವರಿರಬಹುದು, ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಬಂದ ವಿದ್ಯಾರ್ಥಿನಿಯಿರಬಹುದು. ಎಲ್ಲರಿಗೂ ಒಂದೇ ಭಯ. ಡಿಸ್ಕ್ ತಿರುಗುತ್ತಿಲ್ಲ, ಹಾಗಾದರೆ ಒಳಗಿದ್ದದ್ದೆಲ್ಲ ಹೋಯಿತು.

ಹೆಚ್ಚಿನ ಸಲ ಹೋಗಿರುವುದಿಲ್ಲ. ಈ ಕೆಲಸ ಬಲ್ಲವರಿಗೆ, ಸದ್ದಿಲ್ಲದೆ ನಿಂತ ಡಿಸ್ಕಿಗಿಂತ ಕಟಕಟ ಎನ್ನುತ್ತ ತಿರುಗುವ ಡಿಸ್ಕ್ ಕಂಡರೆ ಹೆಚ್ಚು ಹೆದರಿಕೆ. ಡಬ್ಬಿಯ ಒಳಗಿರುವುದು ಗಾಜಿನ ಅಥವಾ ಅಲ್ಯೂಮಿನಿಯಂನ ತಟ್ಟೆಗಳು, ಅಂದರೆ ಪ್ಲ್ಯಾಟರ್‌ಗಳು. ಅವುಗಳ ಮೇಲೆ ಕಾಂತೀಯ ವಸ್ತುವಿನ ಬಲು ತೆಳುವಾದ ಲೇಪ. ಲ್ಯಾಪ್‌ಟಾಪಿನವು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಡೆಸ್ಕ್‌ಟಾಪಿನವು 7,200 ಸುತ್ತು ತಿರುಗುತ್ತವೆ. ಓದುವ, ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದೇ ಇಲ್ಲ. ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂದರೆ ಆ ಸಂದು ಎಷ್ಟು ಕಿರಿದೆಂದು ಊಹಿಸಿಕೊಳ್ಳಬಹುದು. ಹೆಡ್ ಮುರಿದೋ ಸೊಟ್ಟಗಾಗಿಯೋ ತಟ್ಟೆಗೆ ತಗುಲಿತೆನ್ನಿ, ಅಷ್ಟು ವೇಗದಲ್ಲಿ ಅದು ಲೇಪವನ್ನು ಹೆರೆದು ಪುಡಿ ಮಾಡುತ್ತದೆ. ಹಾಗೆ ಪುಡಿಯಾದ ಜಾಗದ ಮಾಹಿತಿಯನ್ನು ಯಾವ ಲ್ಯಾಬೂ ತಂದುಕೊಡಲಾರದು. ನಿಂತ ಡಿಸ್ಕಿನಲ್ಲಿ ಈ ಅನಾಹುತ ಮುಂದುವರಿಯುವುದಿಲ್ಲ.

ನಿಂತ ಡಿಸ್ಕಿನ ಮಾಹಿತಿ ಉಳಿಯಬಲ್ಲದು ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ದೊಡ್ಡ ಸಾಕ್ಷಿ ಆಕಾಶದಿಂದ ಬಿದ್ದದ್ದು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ 7 ಮಂದಿಯಿದ್ದ ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಟೆಕ್ಸಾಸಿನ ಮೇಲೆ ಚೂರುಚೂರಾಯಿತು. ಅದರಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವೊಂದಿತ್ತು. ಒಂದಿಷ್ಟು ಫಲಿತಾಂಶ ಹಾರಾಟದ ವೇಳೆಯೇ ರೇಡಿಯೊ ಮೂಲಕ ನೆಲಕ್ಕೆ ಬಂದಿತ್ತು, ಉಳಿದದ್ದು ಸೀಗೇಟ್ ಕಂಪನಿಯ ಹಾರ್ಡ್ ಡಿಸ್ಕೊಂದರಲ್ಲಿತ್ತು. ತಿಂಗಳುಗಳ ನಂತರ ಒಣಗಿದ ಕೆರೆಯೊಂದರ ಪಾತ್ರದಲ್ಲಿ ಅದು ಸಿಕ್ಕಾಗ ಅದರ ಸರ್ಕ್ಯೂಟ್ ಬೋರ್ಡಿನ ಭಾಗಗಳು ಸುಟ್ಟಿದ್ದವು. ಅಂಚಿನ ಸೀಲ್ ಕರಗಿ ಒಳಗೆ ಧೂಳು ತುಂಬಿತ್ತು. ಅದನ್ನು ಮಿನಿಯಾಪೊಲಿಸ್ ಬಳಿಯ ಕ್ರಾಲ್ ಆನ್‌ಟ್ರ್ಯಾಕ್ ಸಂಸ್ಥೆಗೆ ಕಳಿಸಿದರು. ಅಲ್ಲಿನ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ತಟ್ಟೆಗಳನ್ನು ತೊಳೆದು, ಬೇರೊಂದು ಡಿಸ್ಕಿನ ಒಡಲಿಗೆ ಕೂರಿಸಿ, ಸುಮಾರು ಶೇ. 99ರಷ್ಟು ಮಾಹಿತಿ ಹೊರತೆಗೆದರು. ಆ ತಟ್ಟೆಗಳು ಸೊಟ್ಟಗಾಗಿರಲಿಲ್ಲ. ಮೇಲ್ಮೈ ಹಾಳಾದ ಜಾಗದಲ್ಲಿ ಬರಹವೇ ಇರಲಿಲ್ಲ. ಅದೇ ನೌಕೆಯ ಇನ್ನೆರಡು ಡಿಸ್ಕುಗಳಿಂದ ಏನೂ ಸಿಗಲಿಲ್ಲ. ಕ್ಸೆನಾನ್ ಪ್ರಯೋಗದ ಫಲಿತಾಂಶ 2008ರಲ್ಲಿ ಫಿಸಿಕಲ್ ರಿವ್ಯೂ ಇ ಪತ್ರಿಕೆಯಲ್ಲಿ ಅಚ್ಚಾಯಿತು. ಮಡಿದವರು ಕಕ್ಷೆಯಲ್ಲಿದ್ದು ಮಾಡಿದ ಕೆಲಸದ ಒಂದು ಪಾಲು ಹೀಗೆ ಲೋಕಕ್ಕೆ ದಕ್ಕಿತು ಎನ್ನುವುದು ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ.

ದಿನನಿತ್ಯ ಬರುವ ಡಿಸ್ಕುಗಳ ಕತೆ ಇಷ್ಟು ಘೋರವಲ್ಲ. ನಿಲ್ಲುವುದಕ್ಕೆ ಮುಖ್ಯವಾಗಿ ಮೂರು ಕಾರಣ. ಬೋರ್ಡ್ ಸುಟ್ಟಿರುತ್ತದೆ, ಹೆಡ್ ತಟ್ಟೆಗೆ ಅಂಟಿರುತ್ತದೆ, ಇಲ್ಲವೇ ಮೋಟರಿನ ಬೇರಿಂಗ್ ಹಿಡಿದುಕೊಂಡಿರುತ್ತದೆ. ಅನುಭವಿಗಳು ಕೈಯಲ್ಲಿ ಹಿಡಿದೇ ಒಂದಿಷ್ಟು ಅಂದಾಜು ಮಾಡುತ್ತಾರೆ. ಕರೆಂಟ್ ಕೊಟ್ಟಾಗ ಪೂರ್ತಿ ಮೌನ, ಬೆರಳಿಗೆ ಅದುರೂ ಇಲ್ಲ ಎಂದರೆ ಸಂಶಯ ಬೋರ್ಡಿನ ಮೇಲೆ. ಸಣ್ಣಗೆ ಬೀಪ್ ಬೀಪ್ ಎಂದರೆ ಮೋಟರ್ ತಿರುಗಲು ಹೆಣಗುತ್ತಿದೆ, ಒಳಗೆ ಏನೋ ಹಿಡಿದಿದೆ. ಆಮೇಲೆ ಮಲ್ಟಿಮೀಟರ್ ಹಿಡಿದು ಮೋಟರಿನ ಸುರುಳಿಗಳನ್ನು ಅಳೆಯುತ್ತಾರೆ. ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಅಳತೆ ಬಂದರೆ ಸುರುಳಿ ಸುಟ್ಟಿಲ್ಲ.

ಬೋರ್ಡ್ ಸುಡಲು ಮನೆಯಲ್ಲಿ ನಡೆಯುವ ತೀರಾ ಸಾಮಾನ್ಯ ತಪ್ಪೊಂದು ಸಾಕು. ಡಿಸ್ಕಿನ 12 ವೋಲ್ಟ್ ಅಡಾಪ್ಟರ್ ಎಲ್ಲೋ ಸೇರಿಕೊಂಡಿರುತ್ತದೆ, ಪಿನ್ ಹೊಂದುತ್ತದಲ್ಲ ಎಂದು ಲ್ಯಾಪ್‌ಟಾಪಿನ 19 ವೋಲ್ಟಿನದ್ದನ್ನು ಚುಚ್ಚುತ್ತಾರೆ. ಆಗ ಬೋರ್ಡಿನ ಮೇಲಿನ ಟಿವಿಎಸ್ ಡಯೋಡ್ ಎಂಬ ಪುಟ್ಟ ಭಾಗ ತಾನು ಶಾರ್ಟ್ ಆಗಿ ಉಳಿದವನ್ನು ಕಾಪಾಡುತ್ತದೆ. ಕೆಟ್ಟದ್ದು ಅದೊಂದೇ ಆಗಿದ್ದರೆ ಅದನ್ನು ಬಿಚ್ಚಿದೊಡನೆ ಡಿಸ್ಕ್ ತಿರುಗುತ್ತದೆ. ಆದರೆ ಕಾವಲಿಲ್ಲದ ಆ ಡಿಸ್ಕನ್ನು ಮಾಹಿತಿ ತೆಗೆಯುವಷ್ಟು ಹೊತ್ತು ಮಾತ್ರ ನಡೆಸುತ್ತಾರೆ.

ಬೋರ್ಡ್ ಪೂರ್ತಿ ಹೋಗಿದ್ದರೆ ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ತಂದು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಹಳೆಯ ಕಾಲದ ಡಿಸ್ಕುಗಳಲ್ಲಿ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿ ಪ್ರತಿ ಡಿಸ್ಕಿನ ಹೆಡ್‌ಗಳ ಗುಣವನ್ನು ಫ್ಯಾಕ್ಟರಿಯಲ್ಲಿ ಅಳೆದು, ಆ ಹೊಂದಾಣಿಕೆಯ ಅಂಕಿಗಳನ್ನು ಬೋರ್ಡಿನ ರೋಮ್ ಚಿಪ್ಪಿನಲ್ಲಿ ಬರೆದಿರುತ್ತಾರೆ. ಬಹಳಷ್ಟು ಬೋರ್ಡುಗಳಲ್ಲಿ ಅದು 8 ಕಾಲಿನ ಚಿಕ್ಕ ಐಸಿ. ಹಳೆ ಬೋರ್ಡಿನಿಂದ ಅದನ್ನು ಬೆಸುಗೆ ಬಿಡಿಸಿ ಹೊಸದಕ್ಕೆ ಕೂರಿಸಬೇಕು, ಇಲ್ಲವೇ ಅದರಲ್ಲಿರುವುದನ್ನು ಓದಿ ಹೊಸದಕ್ಕೆ ಬರೆಯಬೇಕು. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿ ಬೋರ್ಡಿನ ಮೇಲೇ ಇದ್ದು, ಅಲ್ಲಿನ ಚಿಪ್ಪೊಂದು ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಸುಟ್ಟ ಬೋರ್ಡನ್ನು ಕಸಕ್ಕೆಸೆದು ಬರಿ ಡಿಸ್ಕ್ ತಂದವರ ಪಾಲಿಗೆ ಕೆಲಸ ಎರಡು ಪಟ್ಟು ಕಷ್ಟವಾಗುತ್ತದೆ.

ಹೆಡ್ ಅಂಟಿಕೊಳ್ಳುವುದು ಹೀಗೆ. ಕೆಲಸ ಮುಗಿದ ಹೆಡ್ ತಟ್ಟೆಯಿಂದಾಚೆಯ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಹೋಗಿ ಕೂರಬೇಕು. ನಡುವೆ ಕರೆಂಟ್ ಹೋದರೂ ಇದಕ್ಕೊಂದು ಸೊಗಸಾದ ಏರ್ಪಾಡು ಇದೆ. ತಟ್ಟೆಗಳು ಇನ್ನೂ ಸುತ್ತುತ್ತಿರುವ ರಭಸದಿಂದ ಮೋಟರೇ ಕ್ಷಣಕಾಲ ಡೈನಮೊ ಆಗಿ ವಿದ್ಯುತ್ ಹುಟ್ಟಿಸಿ ಹೆಡ್‌ಗಳನ್ನು ಗೂಡಿಗೆ ಎಳೆದುಕೊಳ್ಳುತ್ತದೆ. ಆದರೆ ಓಡುತ್ತಿರುವಾಗಲೇ ಡಿಸ್ಕ್ ನೆಲಕ್ಕೆ ಬಿದ್ದರೆ ಇದು ತಪ್ಪಿಹೋಗಬಹುದು. ಕನ್ನಡಿಗಿಂತ ನುಣುಪಾದ ಎರಡು ಮೇಲ್ಮೈಗಳು ಒಂದನ್ನೊಂದು ಕಚ್ಚಿಕೊಂಡರೆ ಪುಟ್ಟ ಮೋಟರಿಗೆ ಬಿಡಿಸುವ ಶಕ್ತಿಯಿಲ್ಲ.

ಇಲ್ಲಿಂದ ಮುಂದಿನದ್ದು ಮುಚ್ಚಳ ತೆರೆಯುವ ಕೆಲಸ, ಅದು ಶೋಧಿಸಿದ ಗಾಳಿ ಬೀಸುವ ಮೇಜಿನ ಮೇಲೆಯೇ ನಡೆಯಬೇಕು. ಕ್ಲಾಸ್ 100 ಎಂದು ಕರೆಯುವ ದರ್ಜೆಯಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 100ಕ್ಕಿಂತ ಹೆಚ್ಚಿರಬಾರದು. ತಂತ್ರಜ್ಞರು ತಟ್ಟೆಯನ್ನು ಅದು ಸಹಜವಾಗಿ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸುತ್ತ, ಬಾಚಣಿಗೆ ಹಲ್ಲಿನಂಥ ಸಾಧನದಿಂದ ಹೆಡ್‌ಗಳು ಒಂದಕ್ಕೊಂದು ತಾಗದಂತೆ ತಡೆದು ಹೊರಗೆ ಸರಿಸುತ್ತಾರೆ. ಅಷ್ಟರಲ್ಲಿ ಹೆಡ್ ಕೆಟ್ಟಿದ್ದರೆ ಡೋನರ್ ಹುಡುಕಬೇಕು, ಅಂದರೆ ಅದೇ ಮಾಡೆಲ್‌ನ, ಹೆಚ್ಚು ಕಡಿಮೆ ಅದೇ ಕಾಲದಲ್ಲಿ ತಯಾರಾದ, ಅಷ್ಟೇ ಹೆಡ್‌ಗಳಿರುವ ಸುಸ್ಥಿತಿಯ ಡಿಸ್ಕ್. ಅದಕ್ಕಾಗಿಯೇ ಇವರು ಹಳೆಯ ಡಿಸ್ಕುಗಳನ್ನು ಕೊಂಡು ಕೂಡಿಡುತ್ತಾರೆ.

ಬೇರಿಂಗ್ ಹಿಡಿದ ಡಿಸ್ಕ್ ಎಲ್ಲಕ್ಕಿಂತ ಕಠಿಣ. ತಟ್ಟೆಗಳನ್ನೇ ಎತ್ತಿ ಬೇರೆ ಒಡಲಿಗೆ ಇಡಬೇಕು. ತಟ್ಟೆ ಒಂದೇ ಇದ್ದರೆ ಸ್ವಲ್ಪ ಸಲೀಸು. ಎರಡು ಮೂರು ಇದ್ದರೆ ಎಲ್ಲವನ್ನೂ ಒಟ್ಟಿಗೆ ಹಿಡಿದೆತ್ತಬೇಕು, ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗಬಾರದು. ಈಗಿನ ಡಿಸ್ಕಿನಲ್ಲಿ ಒಂದಿಂಚು ಅಗಲದೊಳಗೆ ಲಕ್ಷಕ್ಕೂ ಹೆಚ್ಚು ಬರಹದ ಸಾಲುಗಳಿವೆ. ಒಮ್ಮೆ ಜೋಡಣೆ ತಪ್ಪಿದರೆ ಮತ್ತೆ ಕೂಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಮನೆಮದ್ದುಗಳ ಬಗ್ಗೆ ಹೇಳಲೇಬೇಕು. ಹಿಂದಿನ ಕೆಲವು ಡಿಸ್ಕುಗಳಲ್ಲಿ ಹೆಡ್ ಬಿಡಿಸಲು ಮೆಲ್ಲಗೆ ತಟ್ಟುವುದು ನಿಜಕ್ಕೂ ಫಲ ಕೊಟ್ಟದ್ದುಂಟು. ಆ ಮಾತು ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಇವತ್ತಿನ ಡಿಸ್ಕನ್ನು ತಟ್ಟಿದರೆ ಅಂಟಿದ ಹೆಡ್ ಕಿತ್ತುಬರುತ್ತದೆ. ಫ್ರೀಜರ್‌ನಲ್ಲಿಟ್ಟು ತೆಗೆಯುವುದಂತೂ ಬೇಡವೇ ಬೇಡ. ಮಂಗಳೂರಿನಂಥ ತೇವದ ಊರಿನಲ್ಲಿ ತಣ್ಣಗಿನ ತಟ್ಟೆಯ ಮೇಲೆ ಕ್ಷಣದಲ್ಲಿ ನೀರಿನ ಹನಿ ಕೂರುತ್ತದೆ. ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡುವುದೂ ಇದಕ್ಕಿಂತ ಕಡಿಮೆ ಕೆಡುಕಲ್ಲ. ನಾಲ್ಕು ಕಡೆ ‘ನೋಡೋಣ’ ಎಂದು ತೆರೆಸಿದ ಮೇಲೆ ಐದನೆಯವರ ಕೈಗೆ ಬರುವ ಡಿಸ್ಕುಗಳನ್ನು ನೆನೆದರೆ ಸಂಕಟವಾಗುತ್ತದೆ. ಮೊದಲ ಕೈಯಲ್ಲೇ ಅವು ಉಳಿಯಬಹುದಿತ್ತು.

ಇಷ್ಟೆಲ್ಲ ಆಗಿ ಡಿಸ್ಕ್ ತಿರುಗಿತು ಎನ್ನೋಣ. ಆಗಲೂ ಫೈಲ್ ತೆರೆದು ನೋಡುವ ಆತುರ ಪಡುವುದಿಲ್ಲ. ಅದು ಎಷ್ಟು ಹೊತ್ತು ತಿರುಗೀತು ಎಂದು ಯಾರೂ ಹೇಳಲಾರರು, ಆದ್ದರಿಂದ ಇಡೀ ಡಿಸ್ಕಿನ ನಕಲನ್ನು ಇನ್ನೊಂದಕ್ಕೆ ಇಳಿಸಿಕೊಳ್ಳುತ್ತಾರೆ. 1 ಟೆರಾಬೈಟ್ ಡಿಸ್ಕಿನಲ್ಲಿ 512 ಬೈಟಿನ ಸೆಕ್ಟರುಗಳು ಸುಮಾರು 195 ಕೋಟಿ. ರಷ್ಯಾದ ಏಸ್ ಲ್ಯಾಬ್‌ನವರ ಪಿಸಿ-3000 ಈ ಕಸುಬಿನ ಹೆಸರಾಂತ ಉಪಕರಣ. ಉಚಿತವಾಗಿ ಸಿಗುವ ಡಿಡಿರೆಸ್ಕ್ಯೂ ತಂತ್ರಾಂಶವೂ ನಕಲು ಇಳಿಸುವಾಗ ಜಾಣ್ಮೆ ತೋರಿಸುತ್ತದೆ. ಸುಲಭವಾಗಿ ಓದಲು ಸಿಗುವುದನ್ನು ಮೊದಲು ತೆಗೆದುಕೊಂಡು, ಮೊಂಡು ಹಿಡಿದ ಜಾಗಗಳನ್ನು ಗುರುತು ಹಾಕಿಟ್ಟು ಕೊನೆಗೆ ಮತ್ತೆ ಬರುತ್ತದೆ. ಡಿಸ್ಕಿಗೆ ಉಳಿದಿರುವ ಆಯುಷ್ಯ ಕಡಿಮೆ ಎನಿಸಿದರೆ, ಯಾವ ಫೋಲ್ಡರ್ ಮೊದಲು ಬೇಕೆಂದು ತಂದವರನ್ನೇ ಕೇಳಿ ಅಲ್ಲಿಂದ ಶುರು ಮಾಡುವುದೂ ಉಂಟು.

ಕೆಲಸ ಇನ್ನಷ್ಟು ಬಿಗಿಯಾಗುತ್ತಿದೆ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ 7 ತಟ್ಟೆಗಳ, 6 ಟೆರಾಬೈಟಿನ ಡಿಸ್ಕನ್ನು ಒಳಗೆ ಹೀಲಿಯಂ ತುಂಬಿ ಮಾರುಕಟ್ಟೆಗೆ ತಂದಿತು. ಅಂದಿನಿಂದ ದೊಡ್ಡ ಗಾತ್ರದ ಡಿಸ್ಕುಗಳಲ್ಲಿ ಬಹಳಷ್ಟು ಹೀಗೆ ಬೆಸುಗೆ ಹಾಕಿ ಮುಚ್ಚಿದವೇ. ಅವುಗಳಲ್ಲಿ ಹೆಡ್ ತೇಲುವುದು ಗಾಳಿಯ ಮೇಲಲ್ಲ, ಹೀಲಿಯಂ ಮೇಲೆ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತುವ ರೂಢಿ ಇಲ್ಲಿ ನಡೆಯುವುದಿಲ್ಲ. ಲೋಹದ ಹಾಳೆ ಕತ್ತರಿಸಿ ತೆರೆದು, ಹೆಡ್ ಬದಲಿಸಿ, ಮತ್ತೆ ಹೀಲಿಯಂ ತುಂಬಿ ಮುಚ್ಚಿದ ಮೇಲಷ್ಟೇ ಓದಲು ತೊಡಗಬೇಕು.