ಕುದುರೆಗೆ ವರಾಹ, ಅದಿರಿಗೆ ಡಾಲರ್

ಹಂಪಿಯ ಜನತಾ ಪ್ಲಾಟ್ ಓಣಿಯಲ್ಲಿ ಪ್ರವಾಸಿಗರು ಡಾಲರ್, ಯೂರೊ ಕೊಟ್ಟು ರೂಪಾಯಿ ಮಾಡಿಸಿಕೊಳ್ಳುತ್ತಾರೆ. ಪಕ್ಕದಲ್ಲೇ ಹಂಪಿ ಬಜಾರಿನ ಸಾಲುಮಂಟಪ. ಐನೂರು ವರ್ಷದ ಹಿಂದೆ ಇಲ್ಲಿಯ ನಾಣ್ಯಕ್ಕೇ ಪರದೇಶದವರು ತಮ್ಮ ಲೆಕ್ಕ ಹೊಂದಿಸಿಕೊಳ್ಳುತ್ತಿದ್ದರು.

ಕೃಷ್ಣದೇವರಾಯನ ವರಾಹ ಕಿರುಬೆರಳ ಉಗುರಿನಷ್ಟೇ; ತೂಕ ಸುಮಾರು 3.4 ಗ್ರಾಂ ಬಂಗಾರ. ಒಂದು ಮುಖದಲ್ಲಿ ಬೆಣ್ಣೆ ಹಿಡಿದು ಕೂತ ಬಾಲಕೃಷ್ಣ, ಇನ್ನೊಂದರಲ್ಲಿ ನಾಗರಿಯಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ'. ಆ ಪ್ರತಾಪವೇ ಪೋರ್ಚುಗೀಸರ ಬಾಯಲ್ಲಿ 'ಪರ್ದಾವ್' ಆಯಿತು. ಅವರಲ್ಲೊಬ್ಬ, 1520ರ ಸುಮಾರಿಗೆ ಬಂದ ಪ್ರವಾಸಿ ಡೊಮಿಂಗೊ ಪಾಯಸ್, ಇದು ಇಂಡಿಯಾದ ತುಂಬ ಓಡುವ ನಾಣ್ಯ, ಒಂದಕ್ಕೆ ತಮ್ಮ ನಾಡಿನ 360 ರೇಯಿಸ್ ಎಂದು ಬರೆದಿಟ್ಟ.

ಈ ಬಂಗಾರ ಹೆಚ್ಚಾಗಿ ಕರಗಿದ್ದು ಕುದುರೆಗೆ. ಹೊರ್ಮುಜ್‌ನಿಂದ ಹಡಗೇರಿ ಬಂದವನ್ನು ಕೃಷ್ಣದೇವರಾಯನಿಗಿಂತ ಮುಂಚಿನ ದೊರೆ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದನಂತೆ, ಸತ್ತವನ್ನೂ ಸೇರಿಸಿ! ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದರೆ ಸಾಕಿತ್ತು ಎನ್ನುತ್ತಾನೆ ಇನ್ನೊಬ್ಬ ಪೋರ್ಚುಗೀಸ, ನ್ಯೂನಿಜ್. ಟಂಕಸಾಲೆ ಮನೆಯಲ್ಲೇ ಇದ್ದವನ ಧಾರಾಳ ಇದು. ಆದರೆ ನಾಣ್ಯ ಅಚ್ಚುಹಾಕಬಹುದು, ಬಂಗಾರ ಹುಟ್ಟಿಸಲಾಗದು.

ವಿಜಯನಗರ ಅಳಿದ ಮೇಲೂ ವರಾಹ ಉಳಿದಿತ್ತು; 1818ರಲ್ಲಿ ಬ್ರಿಟಿಷರ ಮದ್ರಾಸ್ ಸರಕಾರ ಅದನ್ನು ಬಿಟ್ಟು ಬೆಳ್ಳಿ ರೂಪಾಯಿಗೆ ಹೊರಳಿತು. ವರಾಹವೊಂದಕ್ಕೆ ಮೂರೂವರೆ ರೂಪಾಯಿ.

ಈಗ ಹಂಪಿಯ ನೆರೆಯ ಗಣಿನಾಡು ಸಂಡೂರಿನ ಕಡೆ ನೋಡಿ; ಅಲ್ಲಿಯ ಕಬ್ಬಿಣದ ಅದಿರಿನ ಕತೆ ಚೀನಾದ ಹಣದಿಂದ ಶುರು. ಚೀನಾ ತನ್ನ ಯುವಾನನ್ನು 2005ರ ಜುಲೈವರೆಗೂ ಡಾಲರಿಗೆ ಸುಮಾರು 8.28ರಂತೆ ಗೂಟಕ್ಕೆ ಕಟ್ಟಿತ್ತು. ಹಣ ಅಗ್ಗವಾದ್ದರಿಂದ ಅದರ ಸರಕೂ ಅಮೆರಿಕದ ಪೇಟೆಯಲ್ಲಿ ಅಗ್ಗ. ಚೀನಾದಲ್ಲಿ ಕಾರ್ಖಾನೆ ಎದ್ದಂತೆಲ್ಲ ಉಕ್ಕು ಬೇಕಾಯಿತು, ಉಕ್ಕಿಗೆ ನಮ್ಮ ಗುಡ್ಡದ ಕೆಮ್ಮಣ್ಣು. ಲಾರಿಗಳು ಬಂದರಿನತ್ತ ಸಾಲುಗಟ್ಟಿದವು, ದಾರಿ ಬದಿಯ ಮರದೆಲೆಯೂ ಕೆಂಪಾಯಿತು. ಬೆಲೆ ಡಾಲರಿನಲ್ಲಿ, ರೂಪಾಯಿ ಇಳಿದ ದಿನ ರಫ್ತುದಾರನಿಗೆ ಹಬ್ಬ. 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ರಫ್ತಿಗೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ರೂಪಾಯಿ ಇಳಿದರೆ ದೇಶಕ್ಕೆ ಲಾಭ ಎನ್ನುವವರು ಅದೇ ತಾಲ್ಲೂಕಿನ ತೋರಣಗಲ್ಲಿಗೊಮ್ಮೆ ಹೋಗಿ ಬರಬೇಕು. ಅಲ್ಲಿಯ ಉಕ್ಕಿನ ಕುಲುಮೆಗೆ ಅದಿರು ಊರಿನದು, ಕೋಕಿಂಗ್ ಕಲ್ಲಿದ್ದಲು ಆಸ್ಟ್ರೇಲಿಯಾದಂಥ ದೇಶಗಳದು. ಅದರ ಬಿಲ್ಲೂ ಡಾಲರಿನಲ್ಲೇ. ಗಣಿಯವನು ನಗುವ ದಿನ ಕುಲುಮೆಯವನ ಹುಬ್ಬು ಗಂಟಾಗುತ್ತದೆ.

ಆ ಕಲ್ಲಿದ್ದಲಿನ ಒಂದು ಪಾಲು ಇಳಿಯುವುದು ಗೋವಾದ ಮರ್ಮಗೋವಾ ಬಂದರಿನಲ್ಲಿ. ಕುದುರೆಗಳು ಘಟ್ಟ ಹತ್ತಿ ಬಂದ ದಿಕ್ಕಿನಿಂದಲೇ ಕಪ್ಪು ವ್ಯಾಗನ್ನುಗಳು ಹೊಸಪೇಟೆ ಸ್ಟೇಷನ್ನು ದಾಟಿ ಹೋಗುತ್ತವೆ.