ಗಗನಕ್ಕೆ ಒಡ್ಡಿದ ಕಹಳೆ

ಗಗನದಿಂದ ಬರುವ ಸೂಕ್ಷ್ಮತರಂಗಗಳು ಅತಿ ಕ್ಷೀಣವಾದುವು. ನಮ್ಮ ಕಾಲಕೆಳಗಿನ ನೆಲವೂ ಅಂಥ ತರಂಗಗಳನ್ನು ಸೂಸುವುದರಿಂದ ಅವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಅಮೆರಿಕದ ಹೋಮ್‌ಡೆಲ್‌ನಲ್ಲಿ 1959ರಲ್ಲಿ ನಿರ್ಮಿತವಾದ ಕಹಳೆಯಾಕಾರದ ಆಂಟೆನಾದ ಲೋಹದ ಗೋಡೆಗಳು ನೆಲದ ತರಂಗಗಳನ್ನು ಬಹುಮಟ್ಟಿಗೆ ತಡೆಯುತ್ತಿದ್ದವು. ಅಗಲವಾದ ಬಾಯಿಯಿಂದ ಒಳಹೊಕ್ಕ ತರಂಗಗಳು ಕ್ರಮವಾಗಿ ಕಿರಿದಾಗುವ ದಾರಿಯಲ್ಲಿ ಸಾಗಿ ಗ್ರಾಹಕ ಯಂತ್ರವನ್ನು ಸೇರುತ್ತಿದ್ದವು. ಇಂಥ ಆಕೃತಿಯ ಗ್ರಹಣಶಕ್ತಿಯನ್ನು ಗಣಿತದಿಂದಲೇ ನಿರ್ಧರಿಸಬಹುದು. ಅದರ ಹಿರಿಮೆ ಇರುವುದೇ ಇಲ್ಲಿ.

1964ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳಿಗೆ ಲೆಕ್ಕಕ್ಕೆ ಮೀರಿದ ರೇಡಿಯೋ ಗದ್ದಲ, ಸುಮಾರು 3.5 ಕೆಲ್ವಿನ್‌ನಷ್ಟು, ಅದರಲ್ಲಿ ಗೋಚರಿಸಿತು. ಅವರು ಕಹಳೆಯೊಳಗೆ ಗೂಡುಕಟ್ಟಿದ್ದ ಪಾರಿವಾಳಗಳನ್ನು ಹೊರಹಾಕಿದರು, ಹಿಕ್ಕೆಯನ್ನು ತೆಗೆದು ಶುಚಿಗೊಳಿಸಿದರು. ಪೊರಕೆ ಹಿಡಿಯುವುದೂ ಒಮ್ಮೊಮ್ಮೆ ಪ್ರಯೋಗವೇ! ಆದರೂ ಗದ್ದಲ ಅಡಗಲಿಲ್ಲ. ಕಹಳೆಯನ್ನು ಎತ್ತ ತಿರುಗಿಸಿದರೂ ಅಷ್ಟೇ. ಅದು ವಿಶ್ವದ ಆದಿಕಾಲದ ಶಾಖದ ಅವಶೇಷವಾಗಿತ್ತು.