ಬಂಡೂರು ಮರಿಯ ಕಾಲು, ನನ್ನ ಮೆಕ್ಯಾನಿಕ್ಸ್ ಪಾಠ

ಹೋದ ವರ್ಷ ಇಂಟರ್ನಲ್ಸ್ ಹತ್ತಿರವಿದ್ದಾಗಿನ ಒಂದು ಶನಿವಾರ. ಮಂಡ್ಯದಿಂದ ಮದ್ದೂರಿಗೆ ರೈಲು, ಅಲ್ಲಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಬಸ್ಸು, ಆಮೇಲೆ ಊರಿಗೆ ಆಟೊ. ಮನೆ ತಲುಪಿದಾಗ ತಾತ ಕೊಟ್ಟಿಗೆಯಲ್ಲಿ ಕೂತಿದ್ದರು. ಅವರ ಮುಂದೆ ಅವತ್ತು ಬೆಳಿಗ್ಗೆಯಷ್ಟೇ ಹುಟ್ಟಿದ ಬಂಡೂರು ಕುರಿಮರಿ. ಅದರ ಎರಡೂ ಮುಂಗಾಲುಗಳು ಗೊರಸಿನ ಮೇಲಿನ ಕೀಲಿನಲ್ಲಿ ಹಿಂದಕ್ಕೆ ಮಡಚಿಕೊಂಡಿದ್ದವು. ಎದ್ದು ನಿಲ್ಲಲು ಹೋಗಿ ಮುಗ್ಗರಿಸುತ್ತಿತ್ತು. ನಿಲ್ಲಲಾಗದ ಮರಿಗೆ ತಾಯಿಯ ಕೆಚ್ಚಲು ಸಿಗುವುದಿಲ್ಲ. ತಾತ ಅದನ್ನು ಎತ್ತಿ ಹಿಡಿದು ಗಿಣ್ಣದ ಹಾಲು ಕುಡಿಸುತ್ತಿದ್ದರು.

ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಈ ಕುರಿಗೆ ದಾಖಲೆಗಳಲ್ಲಿ 'ಮಂಡ್ಯ' ತಳಿ ಎಂದೇ ಹೆಸರು. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷಿನ 'ಯು' ಅಕ್ಷರದಂತೆ ಕಾಣುತ್ತದೆ. ಮಾಂಸದ ರುಚಿಗೆ ಹೆಸರಾದ ಈ ತಳಿಯ ಒಳ್ಳೆಯ ಟಗರಿಗೆ ಒಳ್ಳೆಯ ಬೆಲೆಯಿದೆ. ನನ್ನ ಕಾಲೇಜು ಶುಲ್ಕದ ಒಂದು ಕಂತು ಕಟ್ಟಿದ್ದೂ ಟಗರು ಮಾರಿಯೇ. ಹಾಗಾಗಿ ಅಪ್ಪ "ಇದು ಉಳಿಯಕಿಲ್ಲ ಬುಡು" ಎಂದಾಗ ನನಗೆ ಸುಮ್ಮನಿರಲು ಆಗಲಿಲ್ಲ.

'ನರ ಎಳೆದುಕೊಂಡಿದೆ ಅಷ್ಟೇ' ಎಂದುಕೊಂಡು ಕಾಲನ್ನು ಹಿಡಿದು ನೇರಕ್ಕೆ ಜಗ್ಗಿದೆ. ಮರಿ ಕಿರುಚಿತು. ತಾತ ನನ್ನ ಕೈಗೊಂದು ಏಟು ಕೊಟ್ಟರು. "ಜಗ್ಗಬ್ಯಾಡ ಕಣ್ಲಾ. ಹಿಡ್ಕಂಡು ಸುಮ್ಕಿರು, ಅದೇ ಬತ್ತದೆ."

ನೋವಾಗದಷ್ಟು ಮಾತ್ರ ನೀಡಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ತಾಗುತ್ತಿದ್ದ ಎಳೆತ ತಾನಾಗಿಯೇ ಕಡಿಮೆಯಾಯಿತು. ಇನ್ನೊಂಚೂರು ನೀಡಿದೆ. ಮತ್ತೆ ಹಾಗೆಯೇ ಆಯಿತು. ಆಗ ತರಗತಿಯಲ್ಲಿ ಅರ್ಧ ನಿದ್ದೆಯಲ್ಲಿ ಬರೆದುಕೊಂಡಿದ್ದ ಎರಡು ಪದಗಳು ನೆನಪಾದವು: ಸ್ಟ್ರೆಸ್ ರಿಲ್ಯಾಕ್ಸೇಶನ್.

ನಾವು 'ನರ' ಎನ್ನುವ ಇದು ನಿಜಕ್ಕೂ ನರವಲ್ಲ, ಸ್ನಾಯುರಜ್ಜು. ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ. ಕಾಲು ಸೂಪಿನಲ್ಲಿ ಬೆಂದು ಅಂಟಂಟಾಗುವ ಭಾಗಗಳಲ್ಲಿ ಇದೂ ಒಂದು. ಇದರ ಕೊಲ್ಲಾಜೆನ್ ಎಳೆಗಳು ಸಡಿಲವಾಗಿದ್ದಾಗ ಅಲೆಅಲೆಯಾಗಿರುತ್ತವೆ. ಎಳೆದರೆ ಮೊದಲು ಆ ಅಲೆಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ಬಿಗಿಯಾಗುತ್ತದೆ. ನಮ್ಮ ಲ್ಯಾಬಿನ ಯುಟಿಎಂ ಯಂತ್ರದಲ್ಲಿ ಉಕ್ಕಿನ ಸರಳನ್ನು ಎಳೆದರೆ ಗ್ರಾಫ್ ಶುರುವಿನಿಂದಲೇ ನೇರ ಗೆರೆ. ಸ್ನಾಯುರಜ್ಜುವಿನ ಗ್ರಾಫ್ ಬುಡದಲ್ಲಿ ಬಾಗಿ, ಆಮೇಲೆ ನೇರವಾಗುತ್ತದೆ.

ಬ್ರಿಟನ್ನಿನ ಆರ್.ಎಫ್. ಕೆರ್ ಎಂಬ ವಿಜ್ಞಾನಿ ಕುರಿಯ ಹಿಂಗಾಲಿನ ಒಂದು ಸ್ನಾಯುರಜ್ಜುವನ್ನು ಯಂತ್ರದಲ್ಲಿ ಎಳೆದು ಬಿಟ್ಟು ಪರೀಕ್ಷಿಸಿ, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಗಿಯಾದ ಮೇಲೆ ಅದರ ಯಂಗ್ಸ್ ಮಾಡ್ಯುಲಸ್ ಸುಮಾರು 1.65 ಗಿಗಾಪಾಸ್ಕಲ್. ಉಕ್ಕಿನದು ಸುಮಾರು 200. ಆದರೆ ಎಳೆಯಲು ಹಾಕಿದ ಶಕ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬಿಟ್ಟಾಗ ವಾಪಸ್ ಬರುತ್ತದೆ. ಅಂದರೆ ಓಡುವ ಕುರಿಯ ಕಾಲಿನಲ್ಲಿರುವುದು ಬರೀ ಹಗ್ಗವಲ್ಲ, ಸ್ಪ್ರಿಂಗ್.

ಈ ಸ್ಪ್ರಿಂಗಿಗೆ ಇನ್ನೊಂದು ಗುಣವಿದೆ. ಒಂದೇ ಉದ್ದಕ್ಕೆ ಎಳೆದು ಹಿಡಿದರೆ ಒಳಗಿನ ಬಿಗಿತ ಹೊತ್ತು ಕಳೆದಂತೆ ಇಳಿಯುತ್ತದೆ. ಎಷ್ಟು ಬಲ ಎನ್ನುವುದರ ಜೊತೆಗೆ ಎಷ್ಟು ಹೊತ್ತು ಎನ್ನುವುದೂ ಇಲ್ಲಿ ಲೆಕ್ಕ.

ಸೋಮವಾರ ಬಂದ ಪಶುವೈದ್ಯರು ಮೂಳೆ ಸರಿಯಿದೆ ಎಂದರು. ಹತ್ತಿ ಸುತ್ತಿ ಪಟ್ಟಿ ಕಟ್ಟಿ, ದಿನಾ ಬಿಚ್ಚಿ ನೋಡಿ ಎಂದರು. ಮನೆಯಲ್ಲಿದ್ದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ನಾನೇ ಪಟ್ಟಿ ಮಾಡಿದೆ. ಎಂಜಿನಿಯರ್ ಎಂಬ ಜಂಬದಲ್ಲಿ ಬಿಗಿಯಾಗಿ ಕಟ್ಟಿಬಿಟ್ಟೆ. ಸಂಜೆಗೆ ಕಾಲು ಊದಿಕೊಂಡಿತ್ತು. ತಾತ ಏನೂ ಅನ್ನದೆ ಬಿಚ್ಚಿ, ನನ್ನ ಕಿರುಬೆರಳು ತೂರುವಷ್ಟು ಸಡಿಲವಾಗಿ ಮತ್ತೆ ಕಟ್ಟಿಸಿದರು. ಎರಡು ದಿನಕ್ಕೊಮ್ಮೆ ಕೋನವನ್ನು ಸ್ವಲ್ಪಸ್ವಲ್ಪವೇ ನೇರ ಮಾಡಿದೆವು. ಎಳೆಯ ಮರಿಯಾದ್ದರಿಂದ ಸ್ನಾಯು, ರಜ್ಜು ಎರಡೂ ಬೆಳೆಯುತ್ತಾ ಹೊಸ ಉದ್ದಕ್ಕೆ ಹೊಂದಿಕೊಳ್ಳುತ್ತವೆ. ಹನ್ನೆರಡನೇ ದಿನ ಬಲಗಾಲಿನ ಗೊರಸು ನೆಲಕ್ಕೆ ಸಮನಾಗಿ ಊರಿತು. ಎಡಗಾಲು ಇವತ್ತಿಗೂ ತುಸು ಬಾಗಿಯೇ ಇದೆ.

ಈ ಪಾಠ ನನಗೆ ಮತ್ತೆ ನೆನಪಾಗಿದ್ದು ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ. ಗೆಳೆಯನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ವರ್ಷವಿಡೀ ಲೈಬ್ರರಿಯಲ್ಲಿ ಕೂತಿದ್ದವನು ದಿನಾಂಕ ಬಂದ ಮೇಲೆ ಬೆಳಿಗ್ಗೆ ಸಂಜೆ ಓಡತೊಡಗಿದ. ಉಸಿರು, ಸ್ನಾಯು ಬೇಗ ಪಳಗಿದವು. ಹಿಮ್ಮಡಿಯ ಮೇಲಿನ ರಜ್ಜು ಪಳಗಲಿಲ್ಲ, ಊದಿಕೊಂಡಿತು. ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ. ರಕ್ತಸಂಚಾರ ಕಡಿಮೆಯಿರುವ ರಜ್ಜುವಿಗೆ ತಿಂಗಳುಗಳು ಬೇಕು. ಆ ಸಲದ ಓಟ ಅವನಿಗೆ ತಪ್ಪಿತು. ಈಗ ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಂತೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡುತ್ತಿದ್ದಾನೆ. ಅಧಿಸೂಚನೆಗೆ ಕಾಯುತ್ತಿರುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಪುಸ್ತಕ ಹಿಡಿದ ದಿನವೇ ಶೂ ಕೂಡ ಹಾಕಿ. ಮೊದಲ ತಿಂಗಳು ನಡೆದರೂ ಸಾಕು.

ಆ ಮರಿ ಈಗ ಟಗರಾಗಿದೆ. ನಾನು ಬಸ್ಸಿಳಿದು ಬರುವಾಗ ಹಿತ್ತಲಿಂದ ಓಡಿ ಬರುತ್ತದೆ, ಎಡಗಾಲನ್ನು ತುಸು ಎತ್ತಿ ಹಾಕುತ್ತಾ. ಮುಂದಿನ ಕಂತಿನ ಮಾತು ಬಂದಾಗ ಅಪ್ಪ ಅದರ ಕಡೆಗೇ ನೋಡುತ್ತಾರೆ. ನಾನಿನ್ನೂ ಏನೂ ಹೇಳಿಲ್ಲ.